ಜನ ಬಂದರೆ ಇಳಿಯುವ ನೀರು

ಮನುಷ್ಯನಿಗೆ ತಾನು ಮಾಡುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಬರದವನಿಗೆ ಮದುವೆ ಮನೆಯಲ್ಲಾಗಲಿ, ವಿಮಾನದಲ್ಲಾಗಲಿ, ಕ್ಷೌರದ ಅಂಗಡಿಯಲ್ಲಾಗಲಿ ಸುಖವಿಲ್ಲ. ಡೆಂಟಿಸ್ಟ್ ಎಂದರೆ ಎದುರಿನವರು ಅಲ್ಲೇ ಬಾಯಿ ತೆರೆದು ಹಲ್ಲು ತೋರಿಸುತ್ತಾರೆ. ಬ್ಯಾಂಕಿನವನು ಎಂದರೆ ಮಾರ್ಟ್‌ಗೇಜ್ ರೇಟು ವಿಚಾರಿಸುತ್ತಾರೆ. ನಾನು ವಿಜ್ಞಾನದ ಇತಿಹಾಸಕಾರ ಎಂದರೆ, “ಅಂದ್ರೆ ಸೈನ್ಸಾ, ಹಿಸ್ಟರಿನಾ?” ಎನ್ನುತ್ತಾರೆ. ಎರಡೂ ಎಂದೆನಾದರೆ, ಪಾಪ, ಯಾವುದೋ ಒಂದರಲ್ಲಿ ಫೇಲಾಗಿರಬೇಕು ಎಂಬ ಕನಿಕರ ಅವರ ಮುಖದಲ್ಲಿ ಮೂಡುತ್ತದೆ. ತುಮಕೂರಿನ ನಮ್ಮ ಸೋದರಮಾವ ಮುಚ್ಚುಮರೆಯಿಲ್ಲದ ಮನುಷ್ಯ. “ಸೈನ್ಸ್‌ನಲ್ಲಿ ಕೆಲಸ ಸಿಗಲಿಲ್ಲ ಅಂತ ಅದರ ಹಿಸ್ಟರಿಗೆ ಹೋದ್ಯೇನೋ?” ಎಂದು ನೇರವಾಗಿಯೇ ಕೇಳಿದ್ದರು. ಅದೂ ಇಡೀ ವಿಜ್ಞಾನದ ಇತಿಹಾಸವಲ್ಲ, ಆಧುನಿಕ ಯುಗ ಇನ್ನೂ ಕಣ್ಣುಜ್ಜಿಕೊಂಡು ಏಳುತ್ತಿದ್ದ ಕಾಲದ್ದು, ಮುನ್ನೂರು ನಾನೂರು ವರ್ಷಗಳ ಹಿಂದಿನ ಯುರೋಪಿನದ್ದು ಎಂದು ನಾನು ಬಿಡಿಸಿ ಹೇಳುವ ಹೊತ್ತಿಗೆ, ಕೇಳಿದವರು ಜಾಮೂನಿನ ಬಟ್ಟಲು ಹಿಡಿದುಕೊಂಡು ಬೇರೆ ಗುಂಪಿನಲ್ಲಿ ಸೇರಿಹೋಗಿರುತ್ತಾರೆ.

ಈ ವಿದ್ಯೆ ಕಲಿಯಲು ಮೆಲ್ಬೋರ್ನಿಗೆ ಬಂದಾಗ ನನಗೆ ತಲೆತುಂಬ ಕೂದಲಿತ್ತು. ಪಿಎಚ್‌ಡಿ ಮುಗಿಯಿತು, ಕಾಂಟ್ರಾಕ್ಟುಗಳು ಶುರುವಾದವು. ಒಂದು ಸೆಮಿಸ್ಟರಿನದ್ದು, ಅರ್ಧ ವರ್ಷದ್ದು, ಹೆರಿಗೆ ರಜೆಯ ಮೇಲೆ ಹೋದವರ ಕುರ್ಚಿಯಲ್ಲಿ ಕೂರುವುದು. ಮೆಲ್ಬೋರ್ನಿನ ಪ್ರೊಫೆಸರುಗಳಿಗೆ ಕಾಲಕಾಲಕ್ಕೆ ಮಕ್ಕಳಾದದ್ದರಿಂದ ನಮ್ಮ ಮನೆಯ ಅಕ್ಕಿಬೇಳೆ ನಡೆಯಿತು. ಕೊನೆಗೆ ಪರ್ಮನೆಂಟ್ ಎನ್ನಬಹುದಾದ ಕೆಲಸವೊಂದು ಸಿಕ್ಕಿತು, ಆದರೆ ಸಿಡ್ನಿಯಲ್ಲಿ. ಆ ಹೊತ್ತಿಗೆ ನನ್ನ ಹೆಂಡತಿ ಸುಮನಾ ಮೆಲ್ಬೋರ್ನಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿ ಬೇರುಬಿಟ್ಟಿದ್ದಳು. ಪಾಯಿಂಟ್ ಕುಕ್‌ನಲ್ಲಿ ಮನೆ ಕೊಂಡಾಗಿತ್ತು, ಮಗಳು ಅನನ್ಯಾಗೆ ಒಳ್ಳೆಯ ಸ್ಕೂಲು ಸಿಕ್ಕಿತ್ತು. “ನೀವು ಮೊದಲು ಹೋಗಿರಿ, ಆಮೇಲೆ ನೋಡೋಣ” ಎಂದಳು ಸುಮನಾ. ಆ ಆಮೇಲೆ ಇನ್ನೂ ಬಂದಿಲ್ಲ. ಮೊದಮೊದಲು ಪ್ರತಿ ಶುಕ್ರವಾರ ಸಂಜೆ ವಿಮಾನ ಹತ್ತುತ್ತಿದ್ದೆ. ನಂತರ ಎರಡು ವಾರಕ್ಕೊಮ್ಮೆ ಆಯಿತು. ನಂತರ ಟಿಕೆಟ್ ಅಗ್ಗವಿದ್ದು, ಉತ್ತರಪತ್ರಿಕೆಗಳ ರಾಶಿ ಇಲ್ಲದಿದ್ದು, ಅವಳಿಗೆ ವೀಕೆಂಡ್ ಡ್ಯೂಟಿ ಬೀಳದಿದ್ದಾಗ ಎಂದಾಯಿತು. ಈ ಮೂರೂ ಕೂಡಿಬರುವುದು ಗ್ರಹಣದ ಹಾಗೆ ಅಪರೂಪ. ಈಗ ನಾನು ಮೆಲ್ಬೋರ್ನಿನ ಮನೆಯ ಬಾಗಿಲು ತಟ್ಟಿದರೆ ಅನನ್ಯಾ, “ಅಪ್ಪಾ, ಹೌ ಲಾಂಗ್ ಆರ್ ಯು ಹಿಯರ್ ಫಾರ್?” ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಾಳೆ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಆದರೆ ನಾಲಿಗೆಯ ಮೇಲೆ ಉಳಿದಿರುವುದು ಅಪ್ಪಾ ಒಂದೇ. ಅದಾದರೂ ಇದೆಯಲ್ಲ ಎಂದು ನಾನು ತೃಪ್ತಿಪಟ್ಟುಕೊಳ್ಳುತ್ತೇನೆ.

ಇತ್ತ ಸಿಡ್ನಿಯಲ್ಲಿ ನಾನು ಸೇರಿದಾಗ ನಮ್ಮ ವಿಭಾಗದ ಹೆಸರು ಚಿಕ್ಕದಿತ್ತು, ಜನ ಬೇಕಾದಷ್ಟಿದ್ದರು. ಅದನ್ನು ಇನ್ನೊಂದು ವಿಭಾಗಕ್ಕೆ ಸೇರಿಸಿದರು, ಅದನ್ನು ಮತ್ತೊಂದಕ್ಕೆ. ಪ್ರತಿ ಸಲವೂ ಹೆಸರು ಉದ್ದವಾಯಿತು, ಜನ ಕಡಿಮೆಯಾದರು. ಈಗ ಬಾಗಿಲ ಮೇಲಿನ ಫಲಕದಲ್ಲಿ ಹೆಸರು ಎರಡು ಸಾಲಿಗೆ ಬರುತ್ತದೆ, ಕಾರಿಡಾರಿನಲ್ಲಿ ನಾನೊಬ್ಬನೇ ಬರುತ್ತೇನೆ. ಮಿಕ್ಕವರು ಮನೆಯಿಂದಲೇ ಕಂಪ್ಯೂಟರಿನಲ್ಲಿ ಮುಖ ತೋರಿಸುತ್ತಾರೆ. ಸಂಜೆ ರೈಲು ಹಿಡಿದು ಪ್ಯಾರಮಟ್ಟಾಕ್ಕೆ ಬಂದು, ಒಂದು ಬೆಡ್‌ರೂಮಿನ ಯೂನಿಟ್ಟಿನ ಬೀಗ ತೆಗೆದು, ಲೈಟು ಹಾಕಿ, ಬೆಳಗ್ಗೆ ಬಿಟ್ಟುಹೋದ ಲೋಟ ಬಿಟ್ಟ ಜಾಗದಲ್ಲೇ ಇರುವುದನ್ನು ನೋಡುತ್ತೇನೆ. ಒಂಟಿಯಾಗಿ ಬದುಕಿದವರಿಗೆ ಆ ಲೋಟ ಗೊತ್ತಿರುತ್ತದೆ. ಇದರಲ್ಲಿ ಇನ್ನೊಂದು ತಮಾಷೆಯಿದೆ. ನಾನು ಅಷ್ಟು ವರ್ಷ ಕೂತು ಬರೆದ ದಪ್ಪ ಪುಸ್ತಕದ ಸಾರವೇನೆಂದರೆ, ಆ ಕಾಲದಲ್ಲಿ ಒಬ್ಬನೇ ಕೋಣೆಯಲ್ಲಿ ಕೂತು ಕಂಡದ್ದನ್ನು ಯಾರೂ ಸತ್ಯವೆಂದು ಒಪ್ಪುತ್ತಿರಲಿಲ್ಲ, ನಾಲ್ಕು ಜನ ಸುತ್ತ ನಿಂತು ನೋಡಿದ ಮೇಲೇ ಅದು ಜ್ಞಾನ, ಜ್ಞಾನವೆಂಬುದು ಸಹವಾಸದಲ್ಲಿ ಹುಟ್ಟುವ ವಸ್ತು ಎಂದು. ಇದನ್ನು ಬರೆಯುವಷ್ಟು ಕಾಲವೂ ನನ್ನ ಜೊತೆ ಮಾತಾಡಿದ್ದು ಮೈಕ್ರೋವೇವ್ ಮಾತ್ರ, ಅದೂ ಊಟ ಬಿಸಿಯಾದಾಗ.

ಹೀಗಿರುವಾಗ ನಮ್ಮ ವೃತ್ತಿಯಲ್ಲಿ ಹೊಸದೊಂದು ಹುಚ್ಚು ಶುರುವಾಯಿತು. ಹಳೆಯ ಪ್ರಯೋಗಗಳನ್ನು ಬರೀ ಓದಿದರೆ ಸಾಲದು, ಇತಿಹಾಸಕಾರನೇ ಅವನ್ನು ಕೈಯಾರೆ ಮಾಡಿ ನೋಡಬೇಕಂತೆ. ಬಲ್ಬು ಬದಲಿಸುವುದಕ್ಕೂ ಯೂಟ್ಯೂಬ್ ನೋಡುವವನು ನಾನು. ಆದರೂ ಬಿಡುವ ಹಾಗಿರಲಿಲ್ಲ. ನನ್ನ ಅಧ್ಯಯನದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿಯೊಬ್ಬನಿದ್ದಾನೆ. ಹೆಸರು ಹೇಳಿ ಪ್ರಯೋಜನವಿಲ್ಲ, ನಿಮಗೂ ಗೊತ್ತಿರುವುದಿಲ್ಲ, ನಮ್ಮ ಡೀನ್‌ಗೂ ಗೊತ್ತಿಲ್ಲ. ಅವನ ಹತ್ತಿರ ಒಂದು ಹವೆಗಾಜು ಇತ್ತು. ಥರ್ಮಾಮೀಟರಿನ ಮುತ್ತಜ್ಜ ಎನ್ನಿ. ಉದ್ದ ಕೊರಳಿನ ಗಾಜಿನ ಬುರುಡೆಯನ್ನು ತಲೆಕೆಳಗಾಗಿಸಿ ಬಣ್ಣದ ನೀರಿನ ಬಟ್ಟಲಲ್ಲಿ ಊರಿಟ್ಟರೆ, ಚಳಿಯಾದಾಗ ಬುರುಡೆಯ ಗಾಳಿ ಕುಗ್ಗಿ ನೀರು ಕೊರಳಿನಲ್ಲಿ ಮೇಲೇರುತ್ತದೆ, ಬಿಸಿಯಾದಾಗ ಗಾಳಿ ಹಿಗ್ಗಿ ನೀರು ಕೆಳಗಿಳಿಯುತ್ತದೆ. ಪಾದ್ರಿ ಮಹಾಶಯ ಬರೆದಿಟ್ಟಿದ್ದೇನೆಂದರೆ, ಒಲೆ ಉರಿಸದ ಕೋಣೆಯಲ್ಲಿ ಸ್ನೇಹಿತರು ಬಂದು ಕೂತರೂ ಸಾಕು, ನೀರು ನಾಲ್ಕು ಬೆರಳು ಇಳಿಯುತ್ತದೆ, ಅವರು ಎದ್ದುಹೋದರೆ ಮತ್ತೆ ಏರುತ್ತದೆ ಎಂದು. ವಿದ್ವಾಂಸರು ಇದನ್ನು ಪಾದ್ರಿಯ ಕಲ್ಪನೆ ಎಂದು ತಳ್ಳಿಹಾಕಿದ್ದರು. ಇದು ನಿಜವೋ ಸುಳ್ಳೋ ತೋರಿಸಿಬಿಡಬೇಕು ಎಂದು ನಾನು ನಿಶ್ಚಯಿಸಿದೆ. ಸಾವಿರ ವಿಷಯ ಬಿಟ್ಟು ಇದೇ ಯಾಕೆ ನನ್ನನ್ನು ಹಿಡಿದುಕೊಂಡಿತು ಎಂದು ಆಗ ಯೋಚಿಸಲಿಲ್ಲ.

ಗಾಜಿನ ಬುರುಡೆ ಸಿಕ್ಕಿತು. ನೀರಿಗೆ ಬಣ್ಣ ಬೇಕಲ್ಲ, ಬೀಟ್‌ರೂಟ್ ಬೇಯಿಸಿ ಸೋಸಿದೆ. ಒಂದು ಬುರುಡೆ ಸಿಂಕಿನಲ್ಲಿ ಒಡೆಯಿತು, ಇನ್ನೊಂದು ಯಾಕೆ ಒಡೆಯಿತೋ ತಿಳಿಯಲಿಲ್ಲ, ಮೂರನೆಯದು ನಿಂತಿತು. ಹಾಲಿನ ಮೂಲೆಯಲ್ಲಿ ಮೇಜಿನ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಬಟ್ಟಲು, ಬಟ್ಟಲಲ್ಲಿ ಕೆಂಪು ನೀರು, ಅದರ ಮೇಲೆ ಬುರುಡೆ. ಇನ್ನು ಬೇಕಾಗಿದ್ದದ್ದು ಸ್ನೇಹಿತರು ಮಾತ್ರ. ಅದೇ ಕಷ್ಟವಾದದ್ದು. ಯೂನಿವರ್ಸಿಟಿಯಲ್ಲಿ ಕೇಳಿದರೆ ಒಬ್ಬರು ಕ್ಯಾಲೆಂಡರ್ ಇನ್ವೈಟ್ ಕಳಿಸಿ ಎಂದರು, ಇನ್ನೊಬ್ಬರು ಜೂಮ್‌ನಲ್ಲಿ ಸೇರಿಕೊಳ್ಳಬಹುದೇ ಎಂದರು. ಜೂಮ್‌ನಲ್ಲಿ ಬಂದವರಿಂದ ಬುರುಡೆ ಬಿಸಿಯಾಗುವುದಿಲ್ಲ ಎಂದು ವಿವರಿಸಲು ಹೋಗಿ ನನ್ನ ಬಗ್ಗೆ ಇದ್ದ ಅಷ್ಟಿಷ್ಟು ಗೌರವವನ್ನೂ ಕಳೆದುಕೊಂಡೆ. ಕಡೆಗೆ ನಮ್ಮ ಬಿಲ್ಡಿಂಗಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬರೆದೆ: ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಒಂದು ಚಿಕ್ಕ ಕಾರ್ಯಕ್ರಮ, ಎಲ್ಲರೂ ಬಂದರೆ ಸಂತೋಷ, ಗಿಫ್ಟ್ ಬೇಡ. ಪ್ರಯೋಗ ಎಂದು ಬರೆದರೆ ಯಾರೂ ಬರುವುದಿಲ್ಲ ಎಂಬ ಭಯಕ್ಕೆ ಕಾರ್ಯಕ್ರಮ ಎಂದೆ. ಆ ಗುಂಪಿನಲ್ಲಿ ಅಷ್ಟು ಕಾಲದಿಂದ ಇದ್ದರೂ ನಾನು ಬರೆದ ಮೊದಲ ಸಂದೇಶ ಅದು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಸಿಡ್ನಿಯ ಕನ್ನಡಿಗರ ಸಂಪ್ರದಾಯ ಹೀಗಿದೆ ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು: ಶನಿವಾರ ಸಂಜೆ ಕರೆದರೆ ಬರ್ತ್‌ಡೇ, ಭಾನುವಾರ ಬೆಳಗ್ಗೆ ಹತ್ತಕ್ಕೆ ಕರೆದರೆ ಪೂಜೆ. ಮೂರನೆಯ ಸಾಧ್ಯತೆಯೇ ಇಲ್ಲ. ಬಾಗಿಲು ತೆಗೆದರೆ ಎದುರಿಗೆ ರಘು, ಪಂಚೆಯುಟ್ಟು ಮೇಲೆ ಪಫರ್ ಜಾಕೆಟ್ ಹಾಕಿಕೊಂಡು ನಿಂತಿದ್ದ. ಮ್ಯಾಕ್ವೆರಿ ಪಾರ್ಕ್‌ನ ಐಟಿ ಆಫೀಸಿನವನು, ನಮ್ಮ ಮೇಲಿನ ಮಹಡಿಯಲ್ಲಿರುತ್ತಾನೆ, ನನಗೆ ಲಿಫ್ಟಿನ ಪರಿಚಯ. ಪಕ್ಕದಲ್ಲಿ ರೇಷ್ಮೆ ಸೀರೆಯ ಅವನ ಹೆಂಡತಿ ಲತಾ, ಕೈಯಲ್ಲಿ ಹ್ಯಾರಿಸ್ ಪಾರ್ಕ್‌ನ ಇಂಡಿಯನ್ ಅಂಗಡಿಯಿಂದ ತಂದ ಹೂವು, ತೆಂಗಿನಕಾಯಿ. ಹಿಂದೆ ಲತಾಳ ತಾಯಿ ಜಯಮ್ಮ, ವಿಸಿಟರ್ ವೀಸಾದಲ್ಲಿ ಬಂದವರು, ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಅಳಿಯನ ಇನ್ನೊಂದು ಜಾಕೆಟ್. ಅವರ ಬೆನ್ನಿಗೆ ರಘುವಿನ ಆಫೀಸಿನ ಇಬ್ಬರು ಹುಡುಗರು, ಊಟ ಸಿಗುತ್ತದೆ ಎಂಬ ಮುಖಭಾವದಲ್ಲಿ. ಕೊನೆಗೆ ಎದುರು ಮನೆಯ ಮಂಗಳೂರಿನ ಲವೀನಾ ಬಾಯಿ, ಅವರ ಗಂಡ ವಿಲ್ಲಿ. ಅವರು ಚರ್ಚಿನಲ್ಲಿ ಬೆಳಗಿನ ಮಾಸ್ ಮುಗಿಸಿ ಕೇಕ್ ಸಮೇತ ಬಂದಿದ್ದರು. ಒಟ್ಟು ಏಳು ಜನ. ಅಷ್ಟು ಜೊತೆ ಚಪ್ಪಲಿ, ಶೂಗಳನ್ನು ನನ್ನ ಬಾಗಿಲಲ್ಲಿ ನಾನು ಎಂದೂ ನೋಡಿರಲಿಲ್ಲ. ಒಂದು ಕ್ಷಣ ಅವನ್ನೇ ನೋಡುತ್ತ ನಿಂತುಬಿಟ್ಟೆ.

“ಆಷಾಢದಲ್ಲಿ ಇಟ್ಕೊಂಡಿದಾರಲ್ಲೇ” ಎಂದು ಜಯಮ್ಮ ಮಗಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. “ಇಲ್ಲಿ ಈಗ ವಿಂಟರ್ ಅಲ್ವಾಮ್ಮಾ, ಅದೆಲ್ಲ ಲೆಕ್ಕಕ್ಕಿಲ್ಲ” ಎಂದಳು ಲತಾ. ಜಯಮ್ಮ ನೇರವಾಗಿ ಮೂಲೆಯ ಮೇಜಿನ ಹತ್ತಿರ ಹೋಗಿ, ಹಿತ್ತಾಳೆ ತಟ್ಟೆ, ಕೆಂಪು ನೀರು, ಗುಂಡನೆಯ ಬುರುಡೆ ನೋಡಿ ಕೈಮುಗಿದರು. “ಕಳಶ ತಲೆಕೆಳಗಾಗಿ ಇಡೋದು ನಿಮ್ಮ ಮನೆ ಪದ್ಧತಿನಾ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬುರುಡೆಯ ನೆತ್ತಿಯ ಮೇಲೆ ಸೇವಂತಿಗೆ ಬಂದು ಕೂತಿತ್ತು.

ಇದು ಪೂಜೆಯಲ್ಲ, ಮುನ್ನೂರು ಚಿಲ್ಲರೆ ವರ್ಷದ ಹಿಂದಿನ ಒಂದು ಪ್ರಯೋಗ ಎಂದು ನಾನು ಹೇಳಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಅವರದೂ ತಪ್ಪಿಲ್ಲ. ಹೀಟರ್ ಆಫ್ ಆಗಿತ್ತು. “ಸರ್, ಹೀಟರ್ ಸ್ವಲ್ಪ ಆನ್ ಮಾಡ್ಲಾ?” ಎಂದ ರಘು. ಬೇಡ, ಹಾಕುವ ಹಾಗಿಲ್ಲ ಎಂದೆ. ಲತಾ ಅಡುಗೆಮನೆಯಲ್ಲಿ ಇಣುಕಿ, ನೈವೇದ್ಯಕ್ಕೆ ಏನೂ ಆಗಿಲ್ಲವೆಂದು ಕಂಡು, “ರವೆ ಎಲ್ಲಿದೆ ಹೇಳಿ ಸರ್, ಐದು ನಿಮಿಷ ಕೇಸರಿಬಾತ್ ಮಾಡ್ಬಿಡ್ತೀನಿ” ಎಂದಳು. ಒಲೆ ಹಚ್ಚುವ ಹಾಗಿಲ್ಲ ಎಂದೆ. ಟೀ? ಅದೂ ಆಗುವುದಿಲ್ಲ. ತೆಂಗಿನಕಾಯಿ ಒಡೆಯಬೇಡಿ, ಮೇಜು ಅದುರುತ್ತದೆ. ಬಾಗಿಲು ತೆಗೆಯಬೇಡಿ. ಜಯಮ್ಮ ತಲೆದೂಗಿ, “ಬಹಳ ಕಠಿಣ ವ್ರತ” ಎಂದರು. ಹುಡುಗರಿಬ್ಬರೂ ಬೆಳಗಿನಿಂದ ಏನೂ ತಿಂದಿರಲಿಲ್ಲ, ಕೇಕಿನ ಡಬ್ಬಿಯನ್ನು ನೋಡುತ್ತ ಕೂತರು. ಆಮೇಲೆ ಜಯಮ್ಮ ನಾನು ಹೆದರಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟರು: “ಮನೆಯವರು ಎಲ್ಲಿ?”

“ಮೆಲ್ಬೋರ್ನ್‌ನಲ್ಲಿದಾರೆ” ಎಂದೆ.

“ಪೂಜೆಗೂ ಬರ್ಲಿಲ್ವಾ?”

ಲತಾ ತಾಯಿಯ ಕೈ ಅದುಮಿದಳು. ವಿಲ್ಲಿ ಕಿಟಕಿಯಾಚೆಗಿನ ಕಾರ್‌ಪಾರ್ಕನ್ನು ಆಸಕ್ತಿಯಿಂದ ನೋಡತೊಡಗಿದರು. ನನ್ನನ್ನು ಪಾರುಮಾಡಿದ್ದು ಬುರುಡೆಯೇ. “ಹೋಯ್ ಸರ್, ಇದು ಇಳೀತಾ ಉಂಟಲ್ಲ ಮಾರಾಯ್ರೆ” ಎಂದರು ಲವೀನಾ ಬಾಯಿ.

ಹೌದು, ಇಳಿಯುತ್ತಿತ್ತು. ಎಲ್ಲರೂ ಎದ್ದು ಸುತ್ತ ನೆರೆದರು. ಹತ್ತಿರ ಬಂದಷ್ಟೂ ಕೆಂಪು ನೀರು ಕೊರಳಿನಲ್ಲಿ ಸಣ್ಣಗೆ, ನಾಚಿಕೊಂಡ ಹಾಗೆ, ಕೆಳಗೆ ಜಾರಿತು. ನಾನು ಮೊದಲೇ ಅಂಟಿಸಿದ್ದ ಗುರುತಿನಿಂದ ಒಂದು ಬೆರಳು, ಎರಡು ಬೆರಳು. ಯಾರೂ ಅದನ್ನು ಮುಟ್ಟಿರಲಿಲ್ಲ. ಚಳಿಯಲ್ಲಿ ಒತ್ತೊತ್ತಾಗಿ ನಿಂತು, ಉಸಿರಾಡುತ್ತಿದ್ದರು, ಅಷ್ಟೆ. ಒಬ್ಬ ಹುಡುಗ ಮೊಬೈಲ್ ತೆಗೆದು ಸದ್ದಿಲ್ಲದೆ ವಿಡಿಯೊ ಮಾಡಿದ. “ಇದರಿಂದ ಏನ್ ಪ್ರೂವ್ ಆಗುತ್ತೆ ಸರ್?” ಎಂದು ರಘು ಪಿಸುಗುಟ್ಟಿದ. “ನೀವೆಲ್ಲ ಬಂದಿದೀರಿ ಅಂತ” ಎಂದೆ. ಇನ್ನೂ ವಿದ್ವತ್ಪೂರ್ಣವಾದ ಉತ್ತರವಿತ್ತು, ಆದರೆ ಬಾಯಿಗೆ ಬಂದದ್ದು ಅದೇ. ನೀರು ನಾಲ್ಕು ಬೆರಳು ಇಳಿದು ನಿಂತಿತು. ಪಾದ್ರಿ ಸುಳ್ಳು ಹೇಳಿರಲಿಲ್ಲ. ಜಯಮ್ಮ ತಟ್ಟೆಗೆ ಅಕ್ಷತೆ ಹಾಕಿದರು, ನಾನು ತಡೆಯಲಿಲ್ಲ. ಆಮೇಲೆ ಹೀಟರ್ ಹಾಕಿ, ಒಲೆ ಹಚ್ಚಿ, ಕೇಕು ಕತ್ತರಿಸಿ, ಕೇಸರಿಬಾತು ಮಾಡಿ, ನನ್ನ ಮನೆಯಲ್ಲಿ ನಾಲ್ಕೇ ತಟ್ಟೆಗಳಿದ್ದದ್ದರಿಂದ ಪಾತ್ರೆಯ ಮುಚ್ಚಳಗಳಲ್ಲೂ ಹಾಕಿಕೊಂಡು ತಿಂದರು. ವಿಲ್ಲಿ ಕೊಂಕಣಿ ಹಾಡೊಂದನ್ನು ಅರ್ಧ ಹಾಡಿ ಮರೆತರು. ಮಧ್ಯಾಹ್ನದವರೆಗೂ ಮನೆ ಗಲಗಲ ಎನ್ನುತ್ತಿತ್ತು.

ಎಲ್ಲರೂ ಹೋದ ಮೇಲೆ ಪಾದ್ರಿಯ ಎರಡನೆಯ ಮಾತನ್ನು ಪರೀಕ್ಷಿಸಬೇಕಿತ್ತು. ಹೀಟರ್ ಆರಿಸಿ, ಕಂಬಳಿ ಹೊದ್ದು ಬುರುಡೆಯೆದುರು ಕೂತೆ. ನೀರು ಮೆಲ್ಲಗೆ ಏರತೊಡಗಿತು. ಸಿದ್ಧಾಂತದ ಪ್ರಕಾರ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬಹಳ ಬೇಜಾರಾಯಿತು. ಇಷ್ಟು ವರ್ಷ ನಾನು ಚೆನ್ನಾಗಿಯೇ ಇದ್ದೇನೆ, ಅಭ್ಯಾಸವಾಗಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಕೆಂಪು ನೀರು ಗುರುತು ದಾಟಿ ಮೇಲೆ ಹೋಗುವುದನ್ನು ನೋಡುತ್ತ, ಯಾರಾದರೂ ಮರೆತ ಕೊಡೆಗೋ ಡಬ್ಬಿಗೋ ವಾಪಸು ಬರಬಾರದೇ ಎಂದು ಬಾಗಿಲ ಕಡೆ ನೋಡಿದೆ. ಲವೀನಾ ಬಾಯಿ ಕೇಕಿನ ಡಬ್ಬಿಯನ್ನೂ ತೊಳೆದುಕೊಂಡೇ ಹೋಗಿದ್ದರು.

ಸಂಜೆ ಸುಮನಾಳ ಫೋನು ಬಂತು. ಲತಾ ಹೇಗೋ ನಂಬರ್ ಹಿಡಿದು, “ಮೇಡಂ, ಎಲ್ಲ ಸರಿ ಇದೆ ತಾನೆ?” ಎಂದು ವಿಚಾರಿಸಿದ್ದಳಂತೆ.

“ರೀ, ನನ್ನ ಬಿಟ್ಟು ಪೂಜೆ ಮಾಡಿಸಿದ್ರಂತೆ?” ಎಂದಳು. ನಾನು ಎಲ್ಲವನ್ನೂ ಹೇಳಿದೆ. ಸೇವಂತಿಗೆಯ ವಿಷಯಕ್ಕೆ ಬಂದಾಗ ಬಿದ್ದು ಬಿದ್ದು ನಕ್ಕಳು. ಅವಳ ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ನಕ್ಕು ಮುಗಿದ ಮೇಲೆ, “ಅಲ್ಲಾ, ನಾನೊಬ್ಬಳು ಬಂದಿದ್ರೆ ಎಷ್ಟು ಇಳೀತಿತ್ತು?” ಎಂದು ಕೇಳಿದಳು.

ಈ ಪ್ರಶ್ನೆಗೆ ಲೋಕದ ಯಾವ ಗಂಡನಾದರೂ ಸರಿಯಾದ ಉತ್ತರ ಕೊಡುತ್ತಿದ್ದ. ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿ, “ಅರ್ಧ ಬೆರಳು. ಸ್ವಲ್ಪ ಜಾಸ್ತಿನೂ ಇರಬಹುದು” ಎಂದೆ.

“ಅಷ್ಟೇನಾ” ಎಂದಳು.

ಲೇಖನ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಯಾರೋ ಗೊತ್ತಿಲ್ಲದ ವಿಮರ್ಶಕರು ಓದಿ, ಬಹಳ ಚೆನ್ನಾಗಿದೆ, ಆದರೆ ಒಂದು ಕೊರತೆಯಿದೆ ಎಂದರು. ಜನ ಬಂದಾಗ ನೀರು ಇಳಿದದ್ದನ್ನು ಒಪ್ಪುತ್ತೇವೆ. ಅತಿಥಿಗಳು ಯಾರೂ ಬರದೆ ಇದ್ದರೆ ಅದೇ ಕೋಣೆಯಲ್ಲಿ ಅದು ಹೇಗೆ ವರ್ತಿಸುತ್ತದೆ? ಚಳಿಗಾಲ ಮುಗಿಯುವುದರೊಳಗೆ ಪೂರ್ತಿ ಒಂದು ವಾರ ನೋಡಿ ತಿಳಿಸಿ. ಓದಿ ನಗು ಬಂತು. ಇದಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ, ನನ್ನ ಬದುಕು ಎಂದಿನಂತೆ ನಡೆದರೆ ಸಾಕು. ಸೋಮವಾರದಿಂದಲೇ ಶುರುಮಾಡಿದೆ. ಹೀಟರ್ ಇಲ್ಲ, ಹಾಲಿನಲ್ಲಿ ಕೂರುವುದಿಲ್ಲ. ಬೆಳಗ್ಗೆ ಸಂಜೆ ಉಸಿರು ಬಿಗಿಹಿಡಿದು ಹೋಗಿ ಗುರುತು ನೋಡಿ ಬೆಡ್‌ರೂಮಿಗೆ ಓಡಿಬರುವುದು. ಲತಾ ಹುಳಿ ತಂದು ಬಾಗಿಲು ತಟ್ಟಿದಾಗ ಹೊರಗೇ ನಿಂತು ಇಸಿದುಕೊಂಡೆ. ಇಷ್ಟು ಶಿಸ್ತಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಬುಧವಾರ ಸುಮನಾ ಫೋನ್ ಮಾಡಿದಳು. ಧ್ವನಿಯಲ್ಲಿ ಒಂದು ಉತ್ಸಾಹವಿತ್ತು. “ಶುಕ್ರವಾರ ರಜ ಹಾಕಿದೀನಿ ರೀ. ಅನನ್ಯಾನೂ ಬರ್ತೀನಿ ಅಂತಿದಾಳೆ, ಆ ನಿಮ್ಮ ಗಾಜಿನ ಬುರುಡೆ ನೋಡ್ಬೇಕಂತೆ. ಟಿಕೆಟ್ ನೋಡ್ತಿದೀನಿ, ಬುಕ್ ಮಾಡ್ಲಾ?” ಹಿಂದಿನಿಂದ ಮಗಳು, “ಆಸ್ಕ್ ಅಪ್ಪಾ ಇಫ್ ಐ ಕ್ಯಾನ್ ಟಚ್ ಇಟ್” ಎನ್ನುವುದು ಕೇಳಿಸಿತು.

ಅವರಿಬ್ಬರೂ ನನ್ನ ಈ ಯೂನಿಟ್ಟಿಗೆ ಒಟ್ಟಿಗೆ ಬರುತ್ತೇವೆ ಎಂದದ್ದು ಅದೇ ಮೊದಲು. ನಾನು ಏನು ಹೇಳಬೇಕಿತ್ತು ಎನ್ನುವುದು ಓದುತ್ತಿರುವ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, “ಈ ವಾರ ಬೇಡ, ರೀಡಿಂಗ್ ಕೆಟ್ಟುಹೋಗುತ್ತೆ” ಎಂಬ ಮಾತು.

“ಸರಿ” ಎಂದಳು. ಮದುವೆಯಾದವರಿಗೆ ಆ ಸರಿಯ ತೂಕ ಗೊತ್ತು. ಒಂದು ಗಂಟೆ ಬಿಟ್ಟು ನಾನೇ ಫೋನ್ ಮಾಡಿ, ಬನ್ನಿ, ರೀಡಿಂಗ್ ಹಾಳಾಗಿ ಹೋಗಲಿ ಎಂದೆ. ಅಷ್ಟರಲ್ಲಿ ಅವಳು ಶುಕ್ರವಾರದ ರಜೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು, ಮಗಳು ಗೆಳತಿಯ ಮನೆಗೆ ಹೋಗುವುದೆಂದು ಒಪ್ಪಿಕೊಂಡಿದ್ದಳು. “ಪರವಾಗಿಲ್ಲ ರೀ, ನಿಮ್ಮ ಕೆಲಸ ಮುಗಿಸ್ಕೊಳ್ಳಿ. ಆಮೇಲೆ ನೋಡೋಣ” ಎಂದಳು. ಕೋಪದಿಂದಲ್ಲ, ಸಮಾಧಾನದಿಂದಲೇ ಹೇಳಿದಳು. ಕೋಪ ಮಾಡಿಕೊಂಡಿದ್ದರೆ ಒಳ್ಳೆಯದಿತ್ತು.

ಪ್ರಯೋಗ ಮಾತ್ರ ನಿರಾತಂಕವಾಗಿ ಮುಗಿಯಿತು. ಬೆಳಗಿನ ಚಳಿಗೆ ಒಂದಿಷ್ಟು ಏರುವುದು, ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು ಇಳಿಯುವುದು, ಇಡೀ ವಾರ ದಿನವೂ ಅದೇ ದಾರಿ. ಶುಕ್ರವಾರ, ಶನಿವಾರ, ಭಾನುವಾರ ಎಲ್ಲ ಒಂದೇ ಸಮ. ಅಂಕಿಅಂಶ ಕಳಿಸಿದೆ. ನಿನ್ನೆ ಉತ್ತರ ಬಂದಿದೆ. ಲೇಖನವನ್ನು ಸ್ವೀಕರಿಸಿದ್ದಾರೆ. ಇಷ್ಟೊಂದು ಕದಡದ ಕೋಣೆಯನ್ನು ಈ ಬಗೆಯ ಯಾವ ಪ್ರಯೋಗದಲ್ಲೂ ಕಂಡಿಲ್ಲ, ಜನವಸತಿಯ ಮನೆಯಲ್ಲಿ ಲೇಖಕರು ಇದನ್ನು ಹೇಗೆ ಸಾಧಿಸಿದರು ಎಂಬುದನ್ನು ಒಂದು ಅಡಿಟಿಪ್ಪಣಿಯಲ್ಲಿ ವಿವರಿಸಿದರೆ ಇತರರಿಗೆ ಮಾರ್ಗದರ್ಶನವಾದೀತು ಎಂದು ಕೇಳಿದ್ದಾರೆ. ಬೆಳಗಿನಿಂದ ಅದನ್ನೇ ಬರೆಯಲು ಕೂತಿದ್ದೇನೆ. ನನ್ನ ವೃತ್ತಿಜೀವನದಲ್ಲಿ ಯಾರಾದರೂ ನನ್ನ ವಿಧಾನವನ್ನು ಕೇಳಿ ತಿಳಿಯಬಯಸಿದ್ದು ಇದೇ ಮೊದಲು, ಒಂದು ವಾಕ್ಯದಲ್ಲಿ ಹೇಳಲು ಬರುತ್ತಿಲ್ಲ.